ಕ್ಲಾರಿನೆಟ್ ಪುಟಗಳು

೧೪ ಡಿಸೆಂಬರ್ ೧೯೯೬, ಶನಿವಾರ

ತಪ್ಪು ನನ್ನದು, ಪೂರ್ತಿ ನನ್ನದೇ! ನನ್ನ ಗಂಡ ಶೀತಲ್‌ಗೆ ಇನ್ನೂ ಹೇಳಿಲ್ಲ.

ಮದುವೆಯಾದಾಗಿನಿಂದ ಏಳು ವಾರ ಅವರು ಗಿಟಾರ್ ನುಡಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರಿಗೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಬರುವುದಿಲ್ಲ. ನಾನು ಕಾನ್ವೆಂಟಿನಲ್ಲಿ ಪಿಯಾನೋ ಕಲಿತವಳು. ಅವರ ಮೊದಲ ಆರ್ಕೆಸ್ಟ್ರಾ ರಚನೆ ನನ್ನ ಅಕ್ಷರದಲ್ಲಿ! ಎಷ್ಟು ಹಿಗ್ಗಿದ್ದೆ.

ಇವತ್ತು ಕುಪವಾಡದ ಶೆಡ್ಡಿನಲ್ಲಿ ಮೊದಲ ತಾಲೀಮು. ಪಿಟೀಲಿನ ಜೊತೆ ಕ್ಲಾರಿನೆಟ್ ಸೇರಿದೊಡನೆ ಎಲ್ಲ ಕರ್ಕಶ. ನುಡಿಸುವವರೇ ನಕ್ಕುಬಿಟ್ಟರು. ಶೀತಲ್ ಮುಖ ಕಪ್ಪಿಟ್ಟಿತು. "ಸಾಕ್ರಿ, ಬಂದ್ ಮಾಡ್ರಿ. ನಂದು ಲಗ್ನದಾಗ ಗಿಟಾರ್ ಬಾರಿಸೋ ಕೈ" ಎಂದು ಹೊರಗೆ ನಡೆದರು.

ಮಿರಜಿನ ಬ್ಯಾಂಡಿನ ದಸ್ತಗೀರ್ ಚಾಚಾ ಕ್ಲಾರಿನೆಟ್ ಹಿಡಿದೇ ನನ್ನ ಹತ್ತಿರ ಬಂದರು. "ಬೇಟಿ, ಇದು ಬರೆದದ್ದಕ್ಕಿಂತ ಒಂದು ಸ್ವರ ಕೆಳಗ ನುಡೀತದ. ನಮಗ ಒಂದು ಸ್ವರ ಮ್ಯಾಲ ಬರೀಬೇಕಿತ್ತು. ಧುನ್ ಭಾಳ ಚಲೋ ಅದ." ಪಿಯಾನೋದವಳಿಗೆ ಇದೆಲ್ಲಿ ಗೊತ್ತಿತ್ತು?

ಮನೆಗೆ ಬಂದು ಶೀತಲ್ ಪುಟಗಳನ್ನೆಲ್ಲ ದಾರದಿಂದ ಕಟ್ಟಿ ಅಟ್ಟದ ಮೇಲೆ ಹಾಕಿದರು. ನನ್ನ ಕೆನ್ನೆ ತಟ್ಟಿ, "ಇದ್ರಾಗ ನಿನ್ನ ಅಕ್ಷರ ಅಷ್ಟ ಛಂದ ಇತ್ತು ನೋಡು" ಎಂದರು.

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. "ಚಹಾ ಮಾಡ್ಲೇನ್ರಿ?" ಎಂದೆ.