ಅಕ್ಕ ನಿನ್ನ ಹೆಸರು ಹೇಳಿದಳು, ಮಾವಾ

ಮಾವಾ,

ಮಸರಕಲ್ಲಿನ ನನ್ನ ಸೋದರತ್ತೆಯ ಮಗನಿಗೆ, ಮಾನ್ವಿಯ ಸೈಕಲ್ ಅಂಗಡಿಯವನಿಗೆ, ನನ್ನ ಅಕ್ಕನ ಗಂಡನಿಗೆ. ಮೂವರೂ ನೀನೇ ಆಗಿರುವುದರಿಂದ ಒಂದೇ ಕಾಗದ ಸಾಕಾಯಿತು. ಮೊದಲಿಗೆ ‘ಕ್ಷೇಮ’ ಎಂದು ಬರೆಯುವುದು ರೂಢಿ. ನಾವು ಕ್ಷೇಮವಿಲ್ಲ. ನೀನು ಕ್ಷೇಮವೇ ಎಂದು ಕೇಳಿದರೆ ‘ಸತ್ತವಗ ಎಂಥ ಕ್ಷೇಮ ಸಮಾಚಾರಲೇ ಅಳಿಯಾ, ಹುಚ್ಚಪ್ಯಾಲಿ’ ಎಂದು ಬೈಯುತ್ತೀಯ. ಬೈಯುವುದಕ್ಕಾದರೂ ಒಮ್ಮೆ ಬರಬಾರದೆ?

ನಿನಗೊಂದು ಸುದ್ದಿ ಹೇಳಬೇಕಾಗಿದೆ. ನೇರವಾಗಿ ಹೇಳಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಮೊದಲು ಹೊಳೆಗೆ ಹೋಗಿ ಬರೋಣ. ನೀನು ಹೋದಮೇಲೆ ನಾನು ದಿನಾ ಹೋಗಿ ಬರುತ್ತೇನೆ, ಕಟ್ಟೆಯ ಮೇಲೆ ಕೂತಲ್ಲೇ.

ಅಕ್ಕನನ್ನು ರಾಯಚೂರಿನ ಡಾಕ್ಟರಿಗೆ ತೋರಿಸಿಕೊಂಡು ನೀನು ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದ ಆ ಮಧ್ಯಾಹ್ನ ನೆನಪಿದೆಯೇ? ನಾನಾಗ ಟೂರಿಂಗ್ ಟಾಕೀಸಿನವರ ಟಾಂಗಾದಲ್ಲಿ ಕೂತು, ತಗಡಿನ ಭೋಂಗಾ ಬಾಯಿಗಿಟ್ಟು ಓಣಿ ಓಣಿ ಸಿನಿಮಾ ಸಾರುತ್ತಿದ್ದೆ. ನಿನ್ನನ್ನು ಕಂಡು ಭೋಂಗಾದಲ್ಲೇ ಕೂಗಿದೆ: “ಬಂದಾರ, ಬಂದಾರ, ಮಾನ್ವಿಯ ಮಾನ್ಯರು ಬಂದಾರ!” ನೀನು ತಲೆ ಎತ್ತಲಿಲ್ಲ. ನಾನೇ ಟಾಂಗಾ ಇಳಿದು ಬಂದೆ. “ಔಷಧಿ ಇಲ್ಲಂತ. ಇನ್ನೂ ಮರೀತಾಳಂತ,” ಅಂದೆ ನೀನು. ಅಕ್ಕ ಪಕ್ಕದಲ್ಲೇ ನಿಂತು ಬಾಳೆಹಣ್ಣಿನ ಬಂಡಿ ನೋಡುತ್ತಿದ್ದಳು. ನಗಿಸೋಣವೆಂದು, “ಮರೀಲಿ ಬಿಡು ಮಾವಾ, ನಾ ಮಾಡಿದ ಕಿತಾಪತಿ ಎಲ್ಲಾ ಮರ್ತರ ನನಗ ಚೊಲೊ ಆತು,” ಅಂದೆ. ನೀನು ನಗಲಿಲ್ಲ. “ಎಲ್ಲಾ ಮರೀಲಿ. ನನ್ನ ಹೆಸರೊಂದು ಮರೀಬಾರದು ನೋಡು,” ಅಂದೆ.

“ನಲವತ್ತು ವರ್ಷದಾಗ ಅಕಿ ನಿನ್ನ ಹೆಸರ ಹಿಡದು ಕರದಿಲ್ಲ. ಮರ್ತಾಳೋ ಇಲ್ಲೋ ಹೆಂಗ ಗೊತ್ತಾಕ್ಕದ?” ಎಂದು ಕೇಳಿದ್ದೆ ನಾನು. ತಮಾಷೆಗೆ ಕೇಳಿದ್ದು. ಆದರೆ ನಿನ್ನ ಮುಖ ನೋಡಿದ ಮೇಲೆ ಬಾಯಿಗೆ ಭೋಂಗಾ ತುರುಕಿಕೊಳ್ಳಬೇಕು ಅನಿಸಿತು.

ನಿಮ್ಮ ಮದುವೆಯ ದಿನ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತವನು ನಾನೇ ಅಲ್ಲವೇ? ಗಂಡನ ಹೆಸರು ಹೇಳದೆ ಮದುಮಗಳನ್ನು ಒಳಗೆ ಬಿಡುವುದುಂಟೆ? ಹೆಸರನ್ನು ಬರಿದೇ ಹೇಳುವಂತೆಯೂ ಇಲ್ಲ. ಒಡಪು ಕಟ್ಟಿ, ಪ್ರಾಸದಲ್ಲಿ ಸುತ್ತಿ, ಸೆರಗಿನೊಳಗಿಂದ ತೆಗೆದ ಹಾಗೆ ಹೇಳಬೇಕು. ಹಿಂದಿನ ದಿನದವರೆಗೂ ನಿನ್ನನ್ನು ‘ತಿಮ್ಯಾ’ ಎಂದು ಮಸರಕಲ್ಲಿನ ನಮ್ಮ ಓಣಿ ತುಂಬ ಅಟ್ಟಿಸಿಕೊಂಡು ಓಡುತ್ತಿದ್ದವಳು, ಅರಿಶಿನ ಬಿದ್ದದ್ದೇ ನಿನ್ನ ಹೆಸರನ್ನು ನುಂಗಿಬಿಟ್ಟಿದ್ದಳು. ತಲೆ ತಗ್ಗಿಸಿ ಅಂದಳು:

“ಮಾನ್ವಿ ಸಂತ್ಯಾಗ ಮಲ್ಲಿಗಿ ದಂಡಿ,
ದೇವದುರ್ಗದಾಗ ಹುಲ್ಲಿನ ಬಂಡಿ,
ತಿಮ್ಮಣ್ಣನ ಹೆಸರು ಹೇಳ್ತೀನಿ, ತೆಗೀರಿ ಬಾಗಲ ಕೊಂಡಿ.”

ಅಷ್ಟೆ. ಆಮೇಲೆ ನೀನು ‘ಏನ್ರೀ’ ಆದೆ, ‘ಇವರು’ ಆದೆ, ‘ರೇಣುಕಾನ ಅಪ್ಪ’ ಆದೆ. ‘ತಿಮ್ಯಾ’ ಎಲ್ಲಿ ಹೋದನೋ... ಮದುವೆ, ಬಸುರಿಯ ಕುಬುಸ, ತೊಟ್ಟಿಲು ಬಂದಾಗ ಮಾತ್ರ ಒಡಪಿನ ಒಳಗಿಂದ ತಿಮ್ಮಣ್ಣನಾಗಿ ಇಣುಕಿ ಹೋಗುತ್ತಿದ್ದೆ.

ಯುಗಾದಿಯ ರಜೆಗೆ ಹೊಳೆಗೆ ಹೋಗೋಣ ಎಂದು ನೀನು ಹೇಳಿಕಳಿಸಿದಾಗ, ಇದು ಬರೀ ಮೀನಿನ ಆಸೆಯಲ್ಲ ಎಂದು ನನಗೆ ಗೊತ್ತಿತ್ತು. ಹೊಸದರಲ್ಲಿ ಪ್ರತಿ ವರ್ಷ ಬೇವು ಹೂ ಬಿಟ್ಟಾಗ ಬಂಡಿ ಕಟ್ಟಿಕೊಂಡು ನೀವಿಬ್ಬರೂ ಕೃಷ್ಣೆಯ ದಂಡೆಗೆ ಹೋಗುತ್ತಿದ್ದಿರಿ; ನೀನು ಗಾಳ ಹಾಕುವುದು, ಅಕ್ಕ ಬಂಡೆಯ ಮೇಲೆ ಒಲೆ ಹೂಡುವುದು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುವ ಕಸುಬಿನವನು ನೀನು. ಅಕ್ಕನನ್ನೂ ಹೊಳೆಗೆ ಅದ್ದಿ ನೋಡಲು ಹೊರಟಿದ್ದೆ. ತೂತು ಸಿಕ್ಕರೆ ತೇಪೆ ಹಚ್ಚಬಹುದು ಎಂದು... ಅಲ್ಲವೇ?

ಖಾದರ್ ಭಾಯ್‌ನ ಜೀಪು ರಾಯಚೂರು ಬಿಟ್ಟ ಬೆಳಿಗ್ಗೆಯನ್ನು ನೀನು ನೋಡಬೇಕಿತ್ತು. ನನ್ನ ಈ ಗೆಳೆಯ ವಾರವಿಡೀ ಸಂತೆಗಳಿಗೆ ಬಟ್ಟೆ ಗಂಟು ಸಾಗಿಸುತ್ತಿದ್ದ ಜೀಪು ಅದು. “ಬ್ರೇಕ್ ಅದ ಇಲ್ಲೋ ಭಾಯ್?” ಅಂದರೆ, “ಹೌ ಜೀ, ಅದ. ಒಮ್ಮೊಮ್ಮೆ ಅಲ್ಲಾನ ಕೈಯಾಗ ಇರ್ತದ, ಒಮ್ಮೊಮ್ಮೆ ನನ್ನ ಕಾಲಾಗ,” ಅಂದ. ಶಾಲೆಗೆ ರಜೆ ಬಿಟ್ಟಿದ್ದರಿಂದ ನಿನ್ನ ಮಗಳು ಟೀಚರಮ್ಮ ರೇಣುಕಾ ರಾಯಚೂರಿನಿಂದಲೇ ಹತ್ತಿದ್ದಳು. ಕಲ್ಲೂರಿನಲ್ಲಿ ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದೆವು. ನಾನು ಖಾದರ್ ಭಾಯ್‌ನ ಮಿರ್ಚಿಯೊಳಗೆ ಇನ್ನೊಂದು ಹಸಿ ಮೆಣಸಿನಕಾಯಿ ತುರುಕಿದೆ. ಅವನು ಮಾನ್ವಿ ಬರುವವರೆಗೂ ಬಾಯಿ ತೆರೆದುಕೊಂಡೇ ಜೀಪು ಹೊಡೆದ. ರೇಣುಕಾ ನಗುನಗುತ್ತಲೇ ಕಣ್ಣು ಒರೆಸಿಕೊಂಡಳು. “ಕಾಕಾ, ಅವ್ವ ನನ್ನ ‘ಟೀಚರಮ್ಮಾರ’ ಅಂತ ಕರೀತಾಳ. ನಾನು ಸಾಲಿ ಹುಡುಗರ ತಾಯಿಗಳಿಗಿ ಹೂಂಗುಟ್ಟಿದಂಗ ಹೂಂಗುಡ್ತೀನಿ,” ಅಂದಳು. ತಾಯಿಯ ತಮ್ಮನನ್ನು ಕಾಕಾ ಅನ್ನಬಾರದು ಎಂದು ಆ ಹುಡುಗಿಗೆ ನಾನೆಂದೂ ಕಲಿಸಲಿಲ್ಲ. ಮಾವ ಅಂದರೆ ನೀನು ಒಬ್ಬನೇ ಸಾಕು ನಮ್ಮ ಮನೆಗೆ.

ಮಾನ್ವಿಯಲ್ಲಿ ನಿಮ್ಮ ಬಾಗಿಲಿಗೆ ಹಳೆಯ ಚಾಳಿಯಂತೆ ಅಡ್ಡ ಕೈ ಹಿಡಿದು ನಿಂತೆ. “ಹೆಸರ ಹೇಳು, ಜೀಪ್ ಹತ್ತು!” ಅಕ್ಕನ ಮುಖದಲ್ಲಿ ನಗು ಬಂತು. ಸೆರಗು ಎಳೆದುಕೊಂಡು ಶುರುಮಾಡಿದಳು: “ಮಾನ್ವಿ ಸಂತ್ಯಾಗ ಮಲ್ಲಿಗಿ ದಂಡಿ, ದೇವದುರ್ಗದಾಗ ಹುಲ್ಲಿನ ಬಂಡಿ...” ಹಿಂದೆ ಗಾಳದ ಕೋಲು ಹಿಡಿದು ನೀನು ನಿಂತಿದ್ದೆ. ಅಕ್ಕ ಬಾಯಿ ತೆರೆದಳು, ಮುಚ್ಚಿದಳು. “ಮುಂದಿಂದು ನೀನ ಹೇಳಪ್ಪ, ನಂಗ ಹೊತ್ತಾತು,” ಎಂದು ನನ್ನ ಕೈ ಕೆಳಗೆ ನುಸುಳಿ ಹೋಗಿ ಜೀಪಿನಲ್ಲಿ ಕೂತಳು. ಬಂಡಿ ಬಂತು, ಬಂಡಿ ಹೊಡೆಯುವವನು ಬರಲಿಲ್ಲ ಎಂದು ಹೇಳಿ ನಗಿಸಬೇಕು ಅಂದುಕೊಂಡೆ. ಹೇಳಲಿಲ್ಲ. ನಾನು ಹೇಳದೆ ಉಳಿಸಿದ ಚಾಷ್ಟಿಗಳು ಬಹಳ ಇಲ್ಲ, ಮಾವಾ.

ದೇವದುರ್ಗ ದಾಟಿ ಹೊಳೆ ಕಂಡಾಗ ನೀನು ಚಿಕ್ಕ ಹುಡುಗನ ಹಾಗೆ ಎದ್ದು ನಿಂತು ಜೀಪಿನ ತಗಡಿಗೆ ತಲೆ ಬಡಿಸಿಕೊಂಡೆ. ಬೇಸಿಗೆಯ ಕೃಷ್ಣೆ ಬಂಡೆಗಳ ನಡುವೆ ಸಣ್ಣಗಾಗಿ, ಅಲ್ಲಲ್ಲಿ ಮಡುಗಳಾಗಿ ನಿಂತಿದ್ದಳು. ಜಾಲಿಯ ನೆರಳಲ್ಲಿ ಕಂಬಳಿ ಹಾಸಿದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವಸರದ್ದೇನೂ ಇರಲಿಲ್ಲ. ಖಾದರ್ ಭಾಯ್ ಮೊಳಕಾಲು ನೀರಿನಲ್ಲಿ ಕಾಲಿಟ್ಟುಕೊಂಡು ಗೊರಕೆ ಹೊಡೆದ. ನೀನು ಜೋಳದ ದಂಟಿನ ಬೆಂಡು ಕಟ್ಟಿ, ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಬಿಟ್ಟೆ. ಅಕ್ಕನಿಗೆ ಒಂದೊಂದೇ ತೋರಿಸಿದೆ: “ಇಲ್ಲೇ ಒಲಿ ಹೂಡ್ತಿದ್ದಿ. ಆ ಬಂಡಿಗಲ್ಲಿನ ಮ್ಯಾಲ ಸೀರಿ ಒಣಗ ಹಾಕ್ತಿದ್ದಿ. ರೇಣುಕಾನ್ನ ಇದ ಮರಕ್ಕ ಜೋಲಿ ಕಟ್ಟಿ ಮಲಗಿಸಿದ್ದಿ.” ಅಕ್ಕ ಎಲ್ಲದಕ್ಕೂ, “ಹೌದೇನ್ರಿ? ಚೊಲೊ ಅದ ನೋಡ್ರಿ ಜಾಗ,” ಅಂದಳು, ದೂರದ ಊರಿನ ನೆಂಟರಿಗೆ ಅನ್ನುವ ಹಾಗೆ. ನಿನ್ನ ದನಿ ಸಣ್ಣದಾಗುತ್ತ ಹೋಯಿತು.

ಬೆಂಡು ಮುಳುಗಿದ್ದನ್ನು ನೀನು ನೋಡಿರಲಿಲ್ಲ. ನೀನು ಅವಳನ್ನೇ ನೋಡುತ್ತಿದ್ದೆ. ಅಕ್ಕ ದಡಕ್ಕನೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದಳು:

“ಏ ತಿಮ್ಯಾ! ಎಲ್ಲಿ ನೋಡ್ತಿಲೇ, ನಿನ್ನ ಗಾಳ ಜಗ್ಗಾಕತ್ಯದ!”

ನಾನು ಎಂಥ ದಡ್ಡ ನೋಡು. “ಹೇಳಿದ್ಲು! ಹೆಸರ ಹೇಳಿದ್ಲು!” ಎಂದು ಕುಣಿದುಬಿಟ್ಟೆ. ಖಾದರ್ ಭಾಯ್ ಎಚ್ಚರಾಗಿ, ಯಾಕೆಂದು ತಿಳಿಯದೆಯೇ ಚಪ್ಪಾಳೆ ಹೊಡೆದ. ರೇಣುಕಾ ಮಾತ್ರ ಬಾಯಿಗೆ ಸೆರಗು ಒತ್ತಿ ಆ ಕಡೆ ತಿರುಗಿದಳು. ಆಗ ನನಗೆ ತಿಳಿಯಿತು. ಒಡಪಿಲ್ಲ, ಸೆರಗಿಲ್ಲ, ನಾಚಿಕೆಯಿಲ್ಲ. ಬರೀ ಹೆಸರು. ಯಾವ ಹೆಂಡತಿಯೂ ಗಂಡನನ್ನು ಹಾಗೆ ಕೂಗಳು. ಹೆಸರು ಉಳಿದಿತ್ತು, ಮಾವಾ. ಹೋದವನು ಗಂಡ. ನಲವತ್ತು ವರ್ಷದ ಸಂಸಾರ ಒಂದು ‘ಲೇ’ಯಲ್ಲಿ ಕೊಚ್ಚಿಹೋಗಿತ್ತು.

ಹುಟ್ಟಿದಾರಭ್ಯ ಒಂದು ಚಾಷ್ಟಿ ಮಾಡದ ಮನುಷ್ಯ ನೀನು. ಅವತ್ತು ನೀನು ಮಾಡಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. ನೀನು ಗಾಳ ಎಳೆದೆ. ಮೊಳದುದ್ದದ ಬಾಳೆಮೀನು ಬಂಡೆಯ ಮೇಲೆ ಬಿದ್ದು ಒದ್ದಾಡಿತು. ಮುಖ ಒರೆಸಿಕೊಂಡು, ಮಸರಕಲ್ಲಿನ ಹಳ್ಳದಲ್ಲಿ ಮೀನು ಹಿಡಿಯುತ್ತಿದ್ದ ಹುಡುಗನ ದನಿಯಲ್ಲಿ ಅಕ್ಕನ ಹೆಸರು ಹಿಡಿದು ಅಂದೆ: “ಸುಮ್ನ ನಿಂತ್ಯಾಕ ಬೇ ಹುಲಿಗಿ? ಬಾಲ ಹಿಡಿ ಬಾ, ಜಾರ್ತದ!”

“ಚೊಣ್ಣದ ಕಿಸ್ಯಾಗ ಇಟ್ಕೋಬ್ಯಾಡ ಮತ್ತ. ಹೋದ ಸಲ ವಾಸನಿ ಬಂದು ನಿಮ್ಮವ್ವ ಬಡದಾಳ,” ಅಂದಳು ಅಕ್ಕ. ನಿಮ್ಮವ್ವ, ನಮ್ಮ ಅತ್ತೆ, ಮಣ್ಣಿಗೆ ಹೋಗಿ ಎಷ್ಟು ಕಾಲವಾಗಿತ್ತು! “ಇಲ್ಲ ಬಿಡು, ನಿನ್ನ ಉಡ್ಯಾಗ ಹಾಕ್ತೀನಿ,” ಅಂದೆ ನೀನು. ಇಬ್ಬರೂ ನಕ್ಕಿರಿ. ನಾನು ಜೀಪಿನ ಹಿಂದೆ ಹೋಗಿ ಕೂತೆ. ಊರೆಲ್ಲ ನಗಿಸಿದವನಿಗೆ ಆ ನಗೆ ಕೇಳಲು ಆಗಲಿಲ್ಲ.

ತಿರುಗಿ ಬರುವಾಗ ಮಸರಕಲ್ ಹಾದಿ ಹಿಡಿದದ್ದು ನೀನು ಹೇಳಿದ್ದಕ್ಕೆ. ಊರು ಬಂದದ್ದೇ ಅಕ್ಕ, “ನಮ್ಮನಿ ಬಂತು, ನನ್ನ ಇಳಸ್ರಿ. ಕತ್ತಲಾದ್ರ ಅಪ್ಪ ಬೈತಾನ,” ಅಂದಳು. “ನಾಳಿ ಇಳಿಯಾಕಂತಿ. ಇವತ್ತು ನಮ್ಮನಿಗೆ ಊಟಕ್ಕ ಬಾ,” ಅಂದೆ ನೀನು. “ನಿಮ್ಮವ್ವಗ ಹೇಳಿಯೇನು?” “ಹೇಳೀನಿ.” ಆ ‘ನಾಳಿ’ಯಲ್ಲೇ ಉಳಿದ ಆಯುಷ್ಯ ಕಳೆದೆಯಲ್ಲ ನೀನು! ಒಂದೇ ಸೂರಿನ ಕೆಳಗೆ, ದಿನಾ ಊಟಕ್ಕೆ ಬಂದ ಪಕ್ಕದ ಮನೆಯ ಹುಡುಗಿಗೆ ಬಡಿಸುತ್ತ... ನಿನಗೆ ಯಾರು ಬಡಿಸಿದರು?

ಮರುವರ್ಷದ ಮಳೆ ನಿಲ್ಲುವ ಹೊತ್ತಿಗೆ ಅಂಗಡಿಯಲ್ಲಿ ಪಂಪು ಹಿಡಿದು ಕೂತಲ್ಲೇ ನೀನು ಹೋದೆ. ಗಾಳಿ ತುಂಬುತ್ತಿದ್ದವನ ಗಾಳಿ ಹೋಯಿತು. ನಾನಿರುವುದೇ ಹೀಗೆ, ಇಂಥದ್ದನ್ನೂ ಅನ್ನುತ್ತೇನೆ, ಕ್ಷಮಿಸು. ಅಕ್ಕ ನಿನ್ನನ್ನು ನೋಡಿ, “ಪಾಪ, ಯಾರಿವರು ದೊಡ್ಡವರು?” ಅಂದಳು. ತಿಮ್ಯಾ ಚೊಣ್ಣ ಹಾಕುವ ಹುಡುಗ. ಚಾಪೆಯ ಮೇಲೆ ಮಲಗಿದ್ದವನಿಗೆ ಬಿಳಿ ಮೀಸೆ ಇತ್ತು. ಬಳೆ ಒಡೆಯಲು ಬಂದ ಹೆಂಗಸರಿಗೆ ರೇಣುಕಾ ಅಡ್ಡ ನಿಂತಳು. “ಗಂಡ ಇದ್ದದ್ದ ಗೊತ್ತಿಲ್ಲ ಅಕಿಗಿ. ಹ್ವಾದದ್ದು ಏನಂತ ಹೇಳ್ತೀರಿ?” ಅಂದಳು. ಅದಕ್ಕೆ ಅಕ್ಕನ ಕೈಯಲ್ಲಿ ಇವತ್ತಿಗೂ ಹಸಿರು ಬಳೆ ಇವೆ. ಹಣೆಯಲ್ಲಿ ಕುಂಕುಮವಿದೆ. ಊರವರು ಏನಂತಾರೆ ಎಂದು ಕೇಳಬೇಡ.

ಈಗ ಸುದ್ದಿ. ಅಕ್ಕ ರಾಯಚೂರಿನಲ್ಲಿ ರೇಣುಕಾನ ಮನೆಯಲ್ಲಿದ್ದಾಳೆ. ಟೂರಿಂಗ್ ಟಾಕೀಸಿನ ಡೇರೆ ಕಿತ್ತರು, ಓಣಿಗೆ ಟೀವಿ ಬಂತು, ನನ್ನ ಭೋಂಗಾದಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ನಾನೂ ರೇಣುಕಾನ ಮನೆಗೇ ಬಂದುಬಿದ್ದಿದ್ದೇನೆ. ಮೊನ್ನೆ ಪಕ್ಕದ ಮನೆಯ ಸೊಸೆಗೆ ಕುಬುಸ. ಹೆಂಗಸರು ಒಬ್ಬೊಬ್ಬರಾಗಿ ಒಡಪು ಹೇಳುತ್ತಿದ್ದರು. ನಾನೂ ಖಾದರ್ ಭಾಯೂ ಹೊರಗಿನ ಕಟ್ಟೆಯ ಮೇಲೆ. ಗಂಡ ಹೋದವರು ಒಡಪು ಹೇಳುವುದಿಲ್ಲವಲ್ಲ, ಓಣಿಯವರು ಅಕ್ಕನನ್ನು ದಾಟಿಸಿ ಮುಂದೆ ಹೋದರು. ಹೊರಗಿನಿಂದ ಬಂದ ಯಾರೋ ಹುಡುಗಿ ಬಳೆ ನೋಡಿ, “ಅಜ್ಜೀ, ನೀವ್ಯಾಕ ಸುಮ್ಮನದೀರಿ? ಹೇಳ್ರಿ,” ಅಂದಳು. ಅಕ್ಕ ಎದ್ದಳು. ಸೆರಗು ತಲೆ ತುಂಬ ಹೊದ್ದಳು. ತಲೆ ತಗ್ಗಿಸಿದಳು.

“ಮಾನ್ವಿ ಸಂತ್ಯಾಗ ಮಲ್ಲಿಗಿ ದಂಡಿ, ದೇವದುರ್ಗದಾಗ ಹುಲ್ಲಿನ ಬಂಡಿ, ತಿಮ್ಮಣ್ಣನ ಹೆಸರು ಹೇಳ್ತೀನಿ, ತೆಗೀರಿ ಬಾಗಲ ಕೊಂಡಿ.”

ಪೂರ್ತಿ, ಮಾವಾ. ಮದುವೆಯ ದಿನದ ದನಿ. ಹೆಂಗಸರೆಲ್ಲ ನೆಲ ನೋಡಿದರು. ಖಾದರ್ ಭಾಯ್ ನನ್ನ ಮೊಳಕೈ ಹಿಡಿದುಕೊಂಡ. ನೀನು ಯಾವುದಕ್ಕಾಗಿ ಹೊಳೆಯವರೆಗೆ ಹೋಗಿದ್ದೆಯೋ ಅದು ಬಂದಿತ್ತು. ಕೇಳಬೇಕಾದವನೇ ಇರಲಿಲ್ಲ.

ಅವಳನ್ನು ಕೈಹಿಡಿದು ಮನೆಗೆ ಕರೆತಂದೆ. ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದಳು. “ಯಾರಲೇ ಅಂವ ತಿಮ್ಮಣ್ಣ?”

ನಾನು ಅಂದೆ, “ಗಾಳ ತಗೊಂಡು ಹೊಳಿಗಿ ಹೋಗ್ಯಾನಕ್ಕ.”

“ಮೀನ ಬಿತ್ತಂತೇನು?”

“ಇನ್ನೂ ಇಲ್ಲಂತ.”

“ಹಂಗಾರ ಅಂವ ಇವತ್ತು ಬರಂಗಿಲ್ಲ. ಬಾಗಲ ಕೊಂಡಿ ಹಾಕು.”

ಹಾಕಿದೆ, ಮಾವಾ.

ನಿನ್ನ ಅಳಿಯ