ಒಂದು ಫರ್ಲಾಂಗಿನ ಕೊಸರು

3-2-1958, ಸೋಮವಾರ

ಏಳು ಗಂಟೆಗೇ ಸೈಕಲ್ ಹತ್ತಿದ್ದು. ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುವುದಿಲ್ಲ, ದಾರಿಯಲ್ಲಿ ಎರಡು ಸಲ ಹೊಡೆದೆ. ಇವತ್ತಿನಿಂದ ಹೊಸ ಡ್ಯೂಟಿ. ಸ್ಪೀಡ್ ಚೆಕಿಂಗ್. ತುಮಕೂರಿನಿಂದ ಸ್ಟಾಪ್ ವಾಚ್ ಬಂದಿದೆ, ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಲಿಂಗ ಕಟ್ಟಿಕೊಂಡ ಹಾಗಿದೆ ಎಂದಳು ರಾಜಲಕ್ಷ್ಮಮ್ಮ. ಹೆಂಡತಿ ಎಂದ ಮೇಲೆ ಏನಾದರೂ ಅನ್ನಲೇಬೇಕಲ್ಲ.

ಜಾಗ — ಮಧುಗಿರಿಯಿಂದ ಸಿರಾಕ್ಕೆ ಹೋಗುವ ರಸ್ತೆ, ಬಡವನಹಳ್ಳಿಗಿಂತ ಈಚೆ, ನೆಟ್ಟಗಿರುವ ಕಡೆ. ಅಲ್ಲಿ ಎರಡು ಫರ್ಲಾಂಗ್ ಕಲ್ಲು. ಸಿರಾ ಕಡೆಯ ಕಲ್ಲಿನ ಹತ್ತಿರ ಕಾನ್‌ಸ್ಟೇಬಲ್ ಅಡವಯ್ಯ. ಬಸ್ಸಿನ ಮುಂದಿನ ಚಕ್ರ ಕಲ್ಲು ದಾಟಿದ ಕೂಡಲೇ ಬಾವುಟ ಇಳಿಸುತ್ತಾನೆ. ನಾನು ಈಚೆ ಕಲ್ಲಿನ ಹತ್ತಿರ. ಬಾವುಟ ಇಳಿದಾಗ ಗುಂಡಿ ಒತ್ತುವುದು, ಬಸ್ಸು ನನ್ನನ್ನು ದಾಟಿದಾಗ ಇನ್ನೊಮ್ಮೆ ಒತ್ತುವುದು. ಹದಿನೈದು ಸೆಕೆಂಡಾದರೆ ಗಂಟೆಗೆ ಮೂವತ್ತು ಮೈಲಿ. ಅದೇ ಮಿತಿ. ಹದಿನೈದಕ್ಕಿಂತ ಕಡಿಮೆ ಬಂದರೆ ವೇಗ ಜಾಸ್ತಿ. ಕಮ್ಮಿ ಆದ್ರೆ ಜಾಸ್ತಿ ಹೆಂಗೆ ಸಾ, ಎಂದು ಅಡವಯ್ಯ ಮೂರು ಸಲ ಕೇಳಿದ. ಬಾವುಟ ಇಳಿಸಪ್ಪ ಸಾಕು ಎಂದೆ.

ಹೊಸ ಕೆಲಸ, ಬರಿಗೈಯಲ್ಲಿ ಶುರು ಮಾಡಬಾರದು. ಆಚೆ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಹೂ ಏರಿಸಿ, ಕಾಯಿ ಒಡೆದೆ. ಕಾಯಿ ಸಮವಾಗಿ ಹೋಳಾಯಿತು. ಸ್ವಲ್ಪ ಈಚೆ ಹುಣಸೆ ಮರದ ಕೆಳಗೆ ಕಡ್ಲೆಕಾಯಿ ಮಾರುವ ಮುದುಕಿ ಕೆಂಚಮ್ಮ ಎದ್ದು ಬಂದು ಕೈ ಮುಗಿದಳು. ಯಾವ ದೇವರು ಎಂದು ಕೇಳಿದಳು. ಸರ್ಕಾರಿ ದೇವರು ಎಂದೆ. ಅವಳಿಗೂ ಒಂದು ಚೂರು ಕಾಯಿ.

5-2-58

ಹನ್ನೊಂದು ಬಸ್ಸು, ನಾಲ್ಕು ಲಾರಿ. ಒಂದು ಫರ್ಲಾಂಗ್ ಅಂದರೆ ಸಾಮಾನ್ಯ ದೂರವಲ್ಲ — ಅಡವಯ್ಯನ ಮುಖವೇ ಕಾಣುವುದಿಲ್ಲ, ಬಾವುಟ ಒಂದು ಕೆಂಪು ಚುಕ್ಕೆ. ಕಣ್ಣೂ ಮಂಜು. ತುಮಕೂರಿಗೆ ಹೋಗಿ ತೋರಿಸಬೇಕು.

ಸ್ಟೇಷನ್ನಿನ ಸಾಹೇಬರು ಜೀಪಿನಲ್ಲಿ ಬಂದು ನೋಡಿದರು. ಹದಿನಾಲ್ಕು ಬಂದವರನ್ನೂ ಹಿಡಿಯಬೇಕೇ ಎಂದು ಕೇಳಿದೆ. ಅವರು ಕೆಂಚಮ್ಮನ ಕಡೆ ತೋರಿಸಿದರು. "ಆ ಮುದುಕೀನೇ ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕ್ತಾಳೆ. ಸರ್ಕಾರ ಅವಳಿಗಿಂತ ಜಿಪುಣ ಆಗಬೇಕೇನ್ರೀ? ಅವರ ಮೀಟರು, ನಿಮ್ಮ ವಾಚು, ಅಡವಯ್ಯನ ಕೈ — ಯಾವುದಾದರೂ ಒಂದು ತಪ್ಪೋದೇ. ಹದಿಮೂರರವರೆಗೂ ಬಿಡಿ."

ಒಳ್ಳೆಯ ಮನುಷ್ಯ. ಹದಿಮೂರರವರೆಗೂ ಕೊಸರು ಎಂದು ಮನಸ್ಸಿನಲ್ಲಿಟ್ಟುಕೊಂಡೆ.

7-2-58

ಡ್ರೈವರುಗಳ ಬುದ್ಧಿ ತಿಳಿಯಿತು. ಬಾವುಟ ಕಂಡ ಕೂಡಲೇ ಎಲ್ಲರಿಗೂ ಬ್ರೇಕ್ ಜ್ಞಾಪಕ ಬರುತ್ತದೆ. ಮದುವಣಗಿತ್ತಿ ನಡೆದ ಹಾಗೆ ನನ್ನ ಮುಂದೆ ಬಂದು, ಸಲಾಮು ಹೊಡೆದು, ತಿರುವು ದಾಟಿದ ಮೇಲೆ ಧೂಳೆಬ್ಬಿಸಿಕೊಂಡು ಹೋಗುತ್ತಾರೆ.

ಒಬ್ಬನು ಮಾತ್ರ ಬೇರೆ. ಸಿರಾದ ಮುಕ್ತಾರ್. ಸಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು. ಬ್ರೇಕೂ ಇಲ್ಲ, ಸಲಾಮೂ ಇಲ್ಲ. ಮೊನ್ನೆ ಹದಿನೈದು, ನಿನ್ನೆ ಹದಿನೈದು, ಇವತ್ತು ಹದಿನೈದು. ಮನುಷ್ಯನೋ ಗಡಿಯಾರವೋ. ಸ್ಟ್ಯಾಂಡಿನಲ್ಲಿ ಹೇಳುತ್ತಾರೆ, ಅವನ ಸ್ವಂತ ಅಳಿಯ ಓಡಿ ಬರುತ್ತಿದ್ದಾಗಲೂ ಟೈಮಾಯಿತೆಂದು ಬಿಟ್ಟು ಹೊರಟನಂತೆ. ಇಂಥವರನ್ನು ಕಂಡರೆ ನನಗೆ ಸ್ವಲ್ಪ ಕೋಪವೇ. ಪೊಲೀಸರನ್ನು ಕಂಡು ಯಾರಾದರೂ ಒಂದಿಷ್ಟು ಹೆದರಿದರೆ ನಮಗೂ ಸಮಾಧಾನ.

12-2-58

ರಜಾ ಮಂಜೂರು. ನಾಳೆ ತುಮಕೂರು. ಕನ್ನಡಕ ಮಾಡಿಸಿಕೊಂಡು, ಶಿವರಾತ್ರಿಗೆ ಅಕ್ಕನ ಮನೆಯಲ್ಲಿದ್ದು ಬರುವುದು. ಚೆಕಿಂಗ್ ನಾನು ಬರುವವರೆಗೆ ಬಂದ್.

24-2-58, ಸೋಮವಾರ

ಕನ್ನಡಕ! ಇಷ್ಟು ದಿನ ಕುರುಡನಾಗಿದ್ದೆ. ಇಲ್ಲಿ ನಿಂತರೆ ಅಡವಯ್ಯನ ಮೀಸೆ ಕಾಣುತ್ತದೆ, ಎಲೆ ಅಡಿಕೆ ಜಗಿಯುವುದು ಕಾಣುತ್ತದೆ. ಡ್ಯೂಟಿಯಲ್ಲಿ ಜಗಿಯಬೇಡವೋ ಎಂದು ಕೂಗಿದೆ. ಕೇಳಿಸಿತು, ಉಗಿದ. ಆ ತುಮಕೂರಿನ ಡಾಕ್ಟರಿಗೆ ಒಂದು ನಮಸ್ಕಾರ.

ಮುಕ್ತಾರ್ — ಹದಿಮೂರು.

28-2-58

ದಿನಾ ಹದಿಮೂರು. ಕೊಸರಿನ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು. ಹದಿನೈದರಲ್ಲಿ ಇದ್ದವನು ನೆಟ್ಟಗೆ ಹದಿಮೂರಕ್ಕೆ ಬಂದು ಕೂತಿದ್ದಾನೆ. ಒಂದು ಹಿಡಿ ಕೊಟ್ಟರೆ ಹಿಡಿ ಪೂರ್ತಿ ತೆಗೆದುಕೊಳ್ಳುವುದೇ. ಇವನೂ ಎಲ್ಲರಂತೆ ಎಂದು ಯಾಕೋ ಬೇಜಾರಾಯಿತು. ಕೇಸಿಲ್ಲ, ಬಿಟ್ಟೆ.

10-3-58

ಸಾಹೇಬರಿಗೆ ವರ್ಗ. ಹಾರ ಹಾಕಿ ಕಳಿಸಿದೆವು. ಹೊಸ ಸಾಹೇಬರು ಇನ್ನೂ ಹುಡುಗ, ಟ್ರೈನಿಂಗ್ ಮುಗಿಸಿ ನೇರ ಬಂದಿದ್ದಾರೆ, ಬೂಟು ಕನ್ನಡಿಯ ಹಾಗಿದೆ. ಕೊಸರಿನ ವಿಷಯ ಹೇಳಿದೆ. ಯಾವ ಕಾನೂನಿನಲ್ಲಿದೆ ತೋರಿಸಿ ಎಂದರು. ತೋರಿಸುವುದು ಎಲ್ಲಿಂದ. ನಾಳೆಯಿಂದ ಹದಿನೈದಕ್ಕಿಂತ ಕಡಿಮೆ ಬಂದವರೆಲ್ಲ ಕೇಸು.

12-3-58

ಎರಡು ದಿನದಲ್ಲಿ ಒಂಬತ್ತು ಕೇಸು. ಮುಕ್ತಾರ್‌ನದೂ ಒಂದು. ನಿಲ್ಲಿಸಿದಾಗ ಆಶ್ಚರ್ಯಪಟ್ಟ. ಹದಿಮೂರು, ಅಂದರೆ ಹತ್ತಿರ ಹತ್ತಿರ ಮೂವತ್ತೈದು ಮೈಲಿ ಎಂದು ಹೇಳಿ ವಾಚು ತೋರಿಸಿದೆ. ವಾಚನ್ನು ತುಂಬ ಹೊತ್ತು ನೋಡಿದ. "ನನ್ ಗಾಡಿ ಮೂವತ್ತೇ ದಫೇದಾರ್ ಸಾಬ್. ನಾನ್ ಆಣೆ-ಕಸಮ್ ಹಾಕಲ್ಲ. ಕಸಮ್ ಹಾಕೋದು ಸುಳ್ ಹೇಳೋನು." ಅಷ್ಟೇ ಹೇಳಿ ಲೈಸೆನ್ಸ್ ಕೊಟ್ಟ. ಎಲ್ಲರೂ ಹೇಳುವ ಮಾತೇ ಅದು. ಬರೆದುಕೊಂಡೆ.

25-3-58, ಮಂಗಳವಾರ

ಕೋರ್ಟು. ಎಲ್ಲರೂ ಸಾಲಾಗಿ ನಿಂತು ತಪ್ಪಾಯಿತು ಸ್ವಾಮಿ ಎಂದರು, ದಂಡ ಕಟ್ಟಿದರು, ಕಾಫಿ ಕುಡಿಯಲು ಹೋದರು. ಮುಕ್ತಾರ್ ಒಬ್ಬನೇ ತಪ್ಪಿಲ್ಲ ಎಂದ. ಕಂಡಕ್ಟರ್ ಇಸಾಕ್ ಕೈ ಹಿಡಿದು ಜಗ್ಗಿದ, ಬಸ್ಸಿನ ಮಾಲೀಕರು ಕಣ್ಣು ಬಿಟ್ಟರು, ಜಪ್ಪಯ್ಯ ಎನ್ನಲಿಲ್ಲ. ಹದಿನೆಂಟು ವರ್ಷದಲ್ಲಿ ಅವನ ಮೇಲೆ ಒಂದು ಕೇಸಿಲ್ಲವಂತೆ. ಮಾಡದ ತಪ್ಪನ್ನು ಒಪ್ಪುವುದಿಲ್ಲವಂತೆ. ವಿಚಾರಣೆ ಏಪ್ರಿಲ್ ಏಳಕ್ಕೆ. ನಾನೇ ಸಾಕ್ಷಿ.

ಹೊಸ ಸಾಹೇಬರಿಗೆ ರೇಗಿಹೋಗಿದೆ. ಶಿಕ್ಷೆಯಾದರೆ ಲೈಸೆನ್ಸೇ ರದ್ದು ಮಾಡಿಸುತ್ತಾರಂತೆ, ಉಳಿದವರಿಗೆ ಪಾಠ. ಲೈಸೆನ್ಸ್ ಹೋದ ಡ್ರೈವರ್ ತಮಗೆ ಬೇಡ ಎಂದು ಮಾಲೀಕರು ಆಗಲೇ ಬಾಯಿಬಿಟ್ಟು ಹೇಳಿದ್ದಾರೆ. ಮುಕ್ತಾರ್‌ಗೆ ಬೇರೆ ಕೆಲಸ ಬಾರದು. ಮನೆ ತುಂಬ ಮಕ್ಕಳು, ಹೆಂಡತಿ ಜೈನಾಬಿಗೆ ಆರೋಗ್ಯವಿಲ್ಲ ಎಂದು ಇಸಾಕ್ ನನಗೆ ಕೇಳಿಸುವ ಹಾಗೆ ಅಡವಯ್ಯನಿಗೆ ಹೇಳಿದ. ನಾನೇನು ಮಾಡಲಿ. ವಾಚು ಹೇಳಿದ್ದನ್ನು ಬರೆದಿದ್ದೇನೆ.

2-4-58, ಬುಧವಾರ

 ಇವತ್ತಿನದನ್ನು ಬರೆದೇ ಇಡಬೇಕು.

ಕೋರ್ಟಿನಲ್ಲಿ ದೂರ ಅಳೆದಿದ್ದೀರಾ ಎಂದು ಯಾರಾದರೂ ಕೇಳಿದರೆ ಹೌದು ಎನ್ನಬೇಕಲ್ಲ, ಕೇಸು ಗಟ್ಟಿಯಾಗಲಿ ಎಂದು ರಸ್ತೆ ಮೇಸ್ತ್ರಿ ಸಣ್ಣರಂಗಯ್ಯನನ್ನು ಟೇಪಿನ ಸಮೇತ ಕರೆದುಕೊಂಡು ಹೋಗಿದ್ದೆ. ಫರ್ಲಾಂಗಿಗೆ ಇನ್ನೂರ ಇಪ್ಪತ್ತು ಗಜ ಬರಬೇಕು. ಇಪ್ಪತ್ತೆಂಟು ಗಜ ಕಡಿಮೆ. ಇನ್ನೊಮ್ಮೆ ಹಿಡಿದೆವು. ಅಷ್ಟೇ. ಸಣ್ಣರಂಗಯ್ಯ ಆಚೆ ಕಲ್ಲಿನ ಬುಡ ನೋಡಿದ. ಇದು ಇಲ್ಲಿ ನೆಟ್ಟ ಕಲ್ಲೇ ಅಲ್ಲ ಎಂದ.

ಕಲ್ಲು ಹುಣಸೆ ಮರದ ಕೆಳಗಿದೆ. ನಾನು ಕಾಯಿ ಒಡೆದದ್ದು ಬಿಸಿಲಿನಲ್ಲಿ. ಈಗ ತಾನೇ ಹೊಳೆಯಿತು.

ಕೆಂಚಮ್ಮ ಕಡ್ಲೆಕಾಯಿ ಬಿಟ್ಟು ಎದ್ದು ಬಂದಳು. "ನೀವೇ ಅಲ್ವಾ ಸೋಮಿ ಕಾಯಿ ಒಡ್ದಿದ್ದು? ದ್ಯಾವ್ರು ಬಿಸ್ಲಾಗೆ ಬೇಯ್ತಾ ಇತ್ತು, ನೋಡಕಾಗ್ನಿಲ್ಲ. ಶಿವರಾತ್ರಿ ದಿನ ನನ್ ಮಕ್ಳು ಹಾರೆ ಹಾಕಿ ಎತ್ತಿ ನೆಳ್ಳಿಗೆ ತಂದ್ಬುಟ್ರು. ಯಾಕ್ ಸೋಮಿ, ತಪ್ಪಾಯ್ತಾ?"

 ಇಲ್ಲ ಕಣಮ್ಮ ಎಂದೆ.

ಅಡವಯ್ಯನನ್ನು ಬೈದೆ. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ನೀವ್ ಪೂಜೆ ಮಾಡಿದ್ ದ್ಯಾವ್ರು ಸಾ, ನೀವೇ ಹೇಳಿ ಇಡ್ಸಿರ್ತೀರ ಅನ್ಕಂಡೆ, ಎಂದ. ನೆರಳಿನಲ್ಲಿ ನಿಲ್ಲುವುದಕ್ಕೆ ಸಿಕ್ಕಿತಲ್ಲ, ಅವನು ಯಾಕೆ ಕೇಳುತ್ತಾನೆ. ಮೀಸೆ ಕಂಡದ್ದು ಕನ್ನಡಕದಿಂದಲ್ಲ. ಮೀಸೆಯೇ ಹತ್ತಿರ ಬಂದಿತ್ತು.

ಲೆಕ್ಕ ಹಾಕಿದೆ. ಆ ದೂರಕ್ಕೆ ಹದಿಮೂರು ಸೆಕೆಂಡೆಂದರೆ ಮೂವತ್ತು ಮೈಲಿ. ಆ ಮನುಷ್ಯ ಮೊದಲ ದಿನದಿಂದ ಒಂದೇ ವೇಗದಲ್ಲಿ ಬರುತ್ತಿದ್ದ. ಬ್ರೇಕ್ ಹಾಕಿದ ಕಳ್ಳರನ್ನೆಲ್ಲ ಕಳಿಸಿ, ಹಾಕದವನನ್ನು ಹಿಡಿದಿದ್ದೇನೆ. ಹಳೆಯ ಸಾಹೇಬರ ಕೊಸರು ಇದ್ದಿದ್ದರೆ ನನ್ನ ತಪ್ಪು ಅದರೊಳಗೇ ಮುಚ್ಚಿಹೋಗುತ್ತಿತ್ತು.

3-4-58

ಸಾಹೇಬರಿಗೆ ಎಲ್ಲ ಹೇಳಿದೆ. ಕಾಯಿಯ ವಿಷಯವನ್ನೂ. ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿಸಿದರು. ಇಷ್ಟು ಜನ ದಂಡ ಕಟ್ಟಿಯಾಗಿದೆ, ಈಗ ಕಲ್ಲು ಸರಿದಿತ್ತು ಎಂದರೆ ಊರೆಲ್ಲ ಉಗಿಯುತ್ತದೆ. ಕಲ್ಲನ್ನು ಸದ್ದಿಲ್ಲದೆ ಹಿಂದಕ್ಕೆ ನೆಡಿಸಿ. ಕೋರ್ಟಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಆ ಡ್ರೈವರಿಗೆ ವಕೀಲರಿಲ್ಲ, ಕಲ್ಲಿನ ಮಾತು ಯಾರೂ ಎತ್ತುವುದಿಲ್ಲ. ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ — ಇದು ಅವರ ಕೊನೆಯ ಮಾತು.

ನಿಜ. ಸುಳ್ಳು ಹೇಳಿ ಎಂದು ಹೇಳಲಿಲ್ಲ.

ರಾಜಲಕ್ಷ್ಮಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ನಿಮಗೆ ಬೇಕಾದ್ದು ಮಾಡಿ, ಆದರೆ ಆಮೇಲೆ ವಾರಗಟ್ಟಲೆ ಮುಖ ಗಂಟು ಹಾಕಿಕೊಂಡು ನನ್ನ ಮೇಲೆ ಹಾರಾಡಬೇಡಿ ಎಂದಳು.

7-4-58, ಸೋಮವಾರ. ಕೋರ್ಟಿನಿಂದ ಬಂದು, ನಾಲ್ಕು ಗಂಟೆ

ಪ್ರಮಾಣ ಮಾಡಿದೆ. ಯಾವ ದಿನ ಎಂದರು, ಹೇಳಿದೆ. ವಾಚು ಸರಿಯಿತ್ತೇ, ಇತ್ತು. ಎಷ್ಟು ತೋರಿಸಿತು, ಹದಿಮೂರು. ಎಲ್ಲ ನಿಜ. ಕಲ್ಲಿನ ಮಾತು ಯಾರೂ ಕೇಳಲಿಲ್ಲ. ಸಾಹೇಬರು ಮೂಲೆಯಲ್ಲಿ ಕೂತು ಬೂಟು ನೋಡಿಕೊಳ್ಳುತ್ತಿದ್ದರು.

ಮ್ಯಾಜಿಸ್ಟ್ರೇಟರು ಮುಕ್ತಾರ್‌ನನ್ನು ಕೇಳಿದರು, ಸಾಕ್ಷಿಗೆ ಏನಾದರೂ ಪ್ರಶ್ನೆ ಇದೆಯೇ ಎಂದು. ಅವನು ಟೋಪಿ ಸರಿಮಾಡಿಕೊಂಡ. "ನಂದೇನೂ ಸವಾಲ್ ಇಲ್ಲ ಸ್ವಾಮಿ. ದಫೇದಾರ್ ಸಾಬ್ ಸುಳ್ ಹೇಳೋರಲ್ಲ. ವಾಚ್ ಹಂಗೇ ತೋರ್ಸಿದ್ದು, ನಾನೂ ನೋಡ್ದೆ. ಹೆಂಗೆ ಅನ್ನೋದೇ ನಂಗ್ ತಿಳೀವಲ್ದು."

ಇಳಿಯಬಹುದು ಎಂದರು ನನಗೆ. ಇಳಿಯಲಿಲ್ಲ. ಕಟಕಟೆಯ ಅಂಚು ಹಿಡಿದು ನಿಂತೇ ಇದ್ದೆ. ಇಳಿಯಿರಿ ಎಂದು ಇನ್ನೊಮ್ಮೆ ಹೇಳಿದರು. ನನ್ನ ಬಾಯಿಂದ ಬಂತು — "ಸ್ವಾಮಿ, ಅದು ಫರ್ಲಾಂಗ್ ಅಲ್ಲ."

ಆಮೇಲೆ ಎಲ್ಲ ಹೇಳಿದೆ. ಕುಂಕುಮ, ಕಾಯಿ, ಸರ್ಕಾರಿ ದೇವರು, ಹುಣಸೆ ಮರ, ಇಪ್ಪತ್ತೆಂಟು ಗಜ. ಗುಮಾಸ್ತರು ನಕ್ಕರು, ವಕೀಲರೆಲ್ಲ ನಕ್ಕರು, ಮ್ಯಾಜಿಸ್ಟ್ರೇಟರು ಕರವಸ್ತ್ರ ಬಾಯಿಗೆ ಹಿಡಿದರು. ಮೈಯೆಲ್ಲ ನಾಚಿಕೆ. ಆದರೆ ಎದೆ ಹಗುರ. ಮುಕ್ತಾರ್ ಮಾತ್ರ ನಗಲಿಲ್ಲ.

ಕೇಸು ವಜಾ. ದಂಡ ಕಟ್ಟಿದವರ ಲೆಕ್ಕವನ್ನು ತಿರುಗಿ ನೋಡಬೇಕೆಂದು ಬರೆಸಿದರು. ಮುಕ್ತಾರ್ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, ಗೋಡೆಯ ಗಡಿಯಾರ ನೋಡಿ, ಸ್ಟ್ಯಾಂಡಿನ ಕಡೆ ಬಿರಬಿರನೆ ಹೋದ. ಬಸ್ಸಿಗೆ ಟೈಮಾಗಿತ್ತು.

22-4-58

ವರ್ಗದ ಆರ್ಡರ್. ಪಾವಗಡ. ನಿರೀಕ್ಷೆ ಇದ್ದದ್ದೇ. ಅಲ್ಲಿ ಅರ್ಧಕ್ಕರ್ಧ ತೆಲುಗು, ಈ ವಯಸ್ಸಿನಲ್ಲಿ ಏಮಿ ಎಕ್ಕಡ ಎಂದು ಕಲಿಯಬೇಕು. ಸ್ಟಾಪ್ ವಾಚ್ ಒಪ್ಪಿಸಿ ರಸೀತಿ ತೆಗೆದುಕೊಂಡೆ. ಕುತ್ತಿಗೆ ಬರಿದು ಬರಿದು.

ಕೆಂಚಮ್ಮ ಕಲ್ಲು ಕೊಡಲಿಲ್ಲವಂತೆ. ನೆರಳಿಗೆ ಬಂದ ದೇವರನ್ನು ಮತ್ತೆ ಬಿಸಿಲಿಗೆ ಹಾಕುವುದೇ ಎಂದು ಜಗಳಕ್ಕೆ ನಿಂತಳಂತೆ. ಸಣ್ಣರಂಗಯ್ಯ ಹಳೆಯ ಜಾಗದಲ್ಲಿ ಹೊಸ ಕಲ್ಲು ನೆಟ್ಟಿದ್ದಾನೆ. ಅದಕ್ಕೆ ಯಾರೂ ಕುಂಕುಮ ಇಡಬಾರದೆಂದು ಅಡವಯ್ಯ ಕಾಯುತ್ತಿದ್ದಾನೆ.

28-4-58, ಸೋಮವಾರ. ಬಸ್ಸಿನಲ್ಲಿ

ಒಂಬತ್ತೂ ಕಾಲಿಗೆ ಮಧುಗಿರಿ ಬಿಡುವ ಬಸ್ಸು. ಮನೆಯಿಂದ ಹೊರಟಾಗಲೇ ಒಂಬತ್ತೂ ಇಪ್ಪತ್ತು. ರಾಜಲಕ್ಷ್ಮಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿ ಬರುತ್ತೇನೆಂದು ಹೋದವಳು ಬರಲೇ ಇಲ್ಲ. ಇನ್ನು ಬಸ್ಸು ಹೋಯಿತು, ಸಂಜೆಯದೇ ಗತಿ ಎಂದು ದಾರಿಯುದ್ದಕ್ಕೂ ಗೊಣಗಿದೆ. ಅದೂ ಮುಕ್ತಾರ್‌ನ ಬಸ್ಸು.

ಬಸ್ಸು ನಿಂತಿತ್ತು. ಇಂಜಿನ್ ಓಡುತ್ತಿತ್ತು. ಒಳಗೆ ಜನ ಗಲಾಟೆ. ಇವತ್ತೇನ್ ಹೊಲ್ಡುತ್ತೋ ಇಲ್ವೋ ಎಂದು ಒಬ್ಬರು, ಡ್ರೈವರ್‌ಗೆ ಹುಷಾರಿಲ್ವಾ ಎಂದು ಒಬ್ಬರು. ಇಸಾಕ್ ಓಡಿ ಬಂದು ಟ್ರಂಕು ಮೇಲೆ ಹಾಕಿದ. ಮುಕ್ತಾರ್ ನೆಟ್ಟಗೆ ರಸ್ತೆ ನೋಡುತ್ತಾ ಕೂತಿದ್ದ. ನಮ್ಮ ಕಡೆ ತಿರುಗಲೂ ಇಲ್ಲ. ನಾವು ಕೂತ ಮೇಲೆ ಗೇರ್ ಹಾಕಿದ.

ಮಿಡಿಗೇಶಿ ದಾಟಿದ ಮೇಲೆ ರಸ್ತೆ ನೆಟ್ಟಗೆ. ಅಭ್ಯಾಸ ಬಿಡಬೇಕಲ್ಲ. ಕೈಗಡಿಯಾರ ಹಿಡಿದು ಕಲ್ಲಿನಿಂದ ಕಲ್ಲಿಗೆ ನೋಡಿದೆ. ಹದಿನಾಲ್ಕು. ತಪ್ಪಿರಬೇಕೆಂದು ಮುಂದಿನ ಕಲ್ಲಿಗೆ ಇನ್ನೊಮ್ಮೆ ನೋಡಿದೆ. ಹದಿನಾಲ್ಕೇ. ಕಳೆದ ಟೈಮು ಹಿಡಿಯುತ್ತಿದ್ದಾನೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಎಷ್ಟು ಬಂತು ಎಂದಳು ರಾಜಲಕ್ಷ್ಮಮ್ಮ.

ಹದಿನೈದು ಎಂದೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ.