ಸರ್ಪಸುತ್ತಿನ ನೆಪ

ಬೀಗಿತ್ತಿ ರಾಧಮ್ಮನವರಿಗೆ,

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳ ಕೈಯಲ್ಲಿ ಕಾಗದ ಬರೆಸುತ್ತಿದ್ದೀರಿ. ಫೋನ್ ಎತ್ತಿದ್ದರೆ ಈ ಕರ್ಮ ಇರುತ್ತಿರಲಿಲ್ಲ. ನನ್ನ ಸೊಂಟಕ್ಕೆ ಬಂದ ಸರ್ಪಸುತ್ತು ನಾಗದೋಷವಂತೆ, ಅದಕ್ಕೇ ನನ್ನ ಬಸುರಿ ಮಗಳು ಪ್ರಮೀಳಾಳನ್ನು ತವರಿಗೆ ಕಳಿಸುವುದಿಲ್ಲವಂತೆ! ಯಾವ ದೋಷ ಕಣ್ರೀ? ಚಿಕ್ಕಂದಿನಲ್ಲಿ ಬಂದಿದ್ದ ಸೀತಾಳೆ ಅಮ್ಮ ನರದೊಳಗೆ ಮಲಗಿದ್ದು ಈಗ ಎದ್ದಿದೆ ಎಂದರು ಡಾಕ್ಟರು. ನೀವು ಹೇಳಿದಿರೆಂದು ಮೊದಲು ಕೆಮ್ಮಣ್ಣು ಹಚ್ಚಿಕೊಂಡು ಕೂತೆ. "ಗುಳ್ಳೆ ಎದ್ದ ಕೂಡ್ಲೇ ಬಂದು ಮಾತ್ರೆ ತಗೋಬೇಕಿತ್ತಲ್ಲಮ್ಮ" ಎಂದು ಬೈಸಿಕೊಂಡೆ. ಈಗ ಗುಳ್ಳೆ ಒಣಗಿ ಹಕ್ಕಳೆಯೂ ಉದುರಿದೆ. ಉಳಿದಿರುವುದು ಉರಿ, ಅದು ಯಾರಿಗೂ ಅಂಟುವುದಿಲ್ಲ. ಪ್ರಮೀಳಾಳಿಗೂ ಎಳವೆಯಲ್ಲೇ ಅಮ್ಮ ಆಗಿತ್ತು, ಬೇವಿನ ಸೊಪ್ಪು ಬೀಸಿದವಳು ನಾನೇ; ಒಮ್ಮೆ ಆದವಳಿಗೆ ನನ್ನಿಂದ ಮತ್ತೆ ಅಂಟುವ ಭಯವಿಲ್ಲ. ಚೊಚ್ಚಲ ಬಾಣಂತನ ತವರಿನದು. ಯಾವತ್ತು ಕಳಿಸುತ್ತೀರಿ ಎಂದು ಇದೇ ಹದಿನೆಂಟನೇ ತಾರೀಖಿನೊಳಗೆ ತಿಳಿಸಿ.

ಸೋಮಮ್ಮ,
ಹಂಪಾಪುರ